ಮನೆಗೆ 40 ರೂಪಾಯಿ ಉಳಿದರೆ ಊರಿನ ಕೈಯಿಂದ ಎಷ್ಟು ಹೋಗುತ್ತದೆ?

ಮಂಡ್ಯ ಜಿಲ್ಲೆಯ ಒಂದು ಪುರಸಭೆಯ ಕಂದಾಯ ವಿಭಾಗದಲ್ಲಿ ನನ್ನ ಕೆಲಸ. ಆಸ್ತಿ ತೆರಿಗೆಯ ಚಲನ್ ಕೊಡುವುದು, ಬಾಕಿ ಪಟ್ಟಿ ಮಾಡುವುದು, ಡಿಮ್ಯಾಂಡ್ ನೋಟಿಸ್ ಕಳಿಸುವುದು, ವರ್ಷಕ್ಕೊಮ್ಮೆ ಹೊಸ ದರದ ಟಿಪ್ಪಣಿಯನ್ನು ಸಭೆಯ ಮುಂದೆ ಇಡುವುದು. ಕೌಂಟರ್‌ನಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು, "ಸ್ವಲ್ಪ ಕಮ್ಮಿ ಮಾಡ್ಕೊಡಿ ಮೇಡಂ." 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಇಳಿದ ಮೇಲಂತೂ ಆ ಮಾತಿಗೆ ಇನ್ನಷ್ಟು ಬಲ ಬಂತು. "ಸೋಪಿಗೇ ಇಳ್ಸವ್ರೆ, ಪೇಸ್ಟಿಗೇ ಇಳ್ಸವ್ರೆ, ನೀವೊಂದು ನೂರು ರೂಪಾಯಿ ಇಳ್ಸಕಾಗಲ್ವಾ?"

ಕೇಳೋದರಲ್ಲಿ ತಪ್ಪೇನಿಲ್ಲ. ದುಡಿದ ದುಡ್ಡು ಕೈಬಿಡೋಕೆ ಯಾರಿಗಾದರೂ ಕಷ್ಟವೇ. ಆದರೆ ಸಣ್ಣ ಕಡಿತ ಯಾರ ಕೈಗೆ ಹೋಗುತ್ತದೆ, ಯಾವ ಕೆಲಸದಿಂದ ಕಿತ್ತುಕೊಂಡು ಹೋಗುತ್ತದೆ ಅನ್ನೋದು ಕೌಂಟರ್‌ನ ಈ ಕಡೆ ಕೂತವರಿಗೆ ಬೇರೆ ಥರ ಕಾಣುತ್ತದೆ.

ಮೊದಲು ದರದ ವಿಷಯ. 2021ರ ತಿದ್ದುಪಡಿಯ ಮೊದಲು ಮೂರು ವರ್ಷಕ್ಕೊಮ್ಮೆ ಆಸ್ತಿ ತೆರಿಗೆ ಏರಿಸುತ್ತಿದ್ದರು. ಒಂದೇ ಸಲ ಶೇ 15ರಿಂದ 30. ಜನ ಬೆಚ್ಚಿಬೀಳುತ್ತಿದ್ದರು. ಈಗ ಪ್ರತಿ ವರ್ಷ ಶೇ 3ರಿಂದ 5. ಹಾಗಾಗಿ ಸಭೆಯಲ್ಲಿ ಚರ್ಚೆ ಆಗೋದು 3 ಇರಲೋ, 5 ಇರಲೋ ಅಂತ. ಒಂದು ವರ್ಷ ಟಿಪ್ಪಣಿ ಇಟ್ಟಾಗ ಒಬ್ಬ ಸದಸ್ಯರು ಎದ್ದು ನಿಂತು, "ಜನ ಸೋತಿದ್ದಾರೆ, 3 ಸಾಕು, ಎರಡು ಪರ್ಸೆಂಟ್ ಬಿಟ್ಟರೆ ಪುರಸಭೆ ಮುಳುಗಿ ಹೋಗಲ್ಲ" ಅಂದರು. ಮೇಜು ತಟ್ಟಿದರು. 3 ಪಾಸಾಯಿತು. ಅವರ ಕಾಳಜಿ ನಿಜವಾದದ್ದು. ಆದರೆ ಆ ಎರಡು ಪರ್ಸೆಂಟ್ ಅಂದರೆ ಎಷ್ಟು ಅಂತ ಆ ದಿನ ಸಭೆಯಲ್ಲಿ ಯಾರೂ ಕೇಳಲಿಲ್ಲ.

ಲೆಕ್ಕಕ್ಕೆ ಒಂದು ಊರು ಇಟ್ಟುಕೊಳ್ಳೋಣ. 8,000 ಆಸ್ತಿ, ಸರಾಸರಿ ತೆರಿಗೆ 2,000 ರೂಪಾಯಿ. ಎರಡು ಪರ್ಸೆಂಟ್ ಬಿಟ್ಟರೆ ಒಂದು ಮನೆಗೆ ವರ್ಷಕ್ಕೆ 40 ರೂಪಾಯಿ ಉಳಿಯುತ್ತದೆ. ತಿಂಗಳಿಗೆ ಮೂರೂ ಚಿಲ್ಲರೆ. ಆ 40 ರೂಪಾಯಿಯಿಂದ ಯಾವ ಮನೆಯಲ್ಲೂ ಏನೂ ಬದಲಾಗಲ್ಲ. ಅದೇ ಊರಿನ ಕಡೆಯಿಂದ ನೋಡಿ: 3.2 ಲಕ್ಷ. ಒಂದು ಕಸದ ಆಟೋಗೆ ವರ್ಷವಿಡೀ ಡೀಸೆಲ್ ಹಾಕಿ, ಟೈರು ರಿಪೇರಿ ಎಲ್ಲ ನೋಡಿಕೊಳ್ಳುವಷ್ಟು ದುಡ್ಡು.

ಇದು ಒಂದು ವರ್ಷಕ್ಕೆ ಮುಗಿಯಲ್ಲ. ಈ ವರ್ಷ ಬಿಟ್ಟದ್ದು ಮುಂದಿನ ವರ್ಷದ ಬುನಾದಿಯಲ್ಲೇ ಕಮ್ಮಿಯಾಗುತ್ತದೆ. ಪ್ರತಿ ವರ್ಷ 3 ಮಾತ್ರ ಏರಿಸುತ್ತಾ ಹೋದರೆ 2,000 ರೂಪಾಯಿ ತೆರಿಗೆ ಹತ್ತು ವರ್ಷಕ್ಕೆ ಸುಮಾರು 2,688 ಆಗುತ್ತದೆ. 5 ಏರಿಸಿದ್ದರೆ 3,258. ಮನೆಗೆ 570 ರೂಪಾಯಿ ವ್ಯತ್ಯಾಸ. ಊರಿಗೆ, ಆ ಒಂದೇ ವರ್ಷದಲ್ಲಿ, 45 ಲಕ್ಷಕ್ಕೂ ಜಾಸ್ತಿ. ಅಷ್ಟರಲ್ಲಿ ಡೀಸೆಲ್ ಬೆಲೆ, ಪೈಪಿನ ಬೆಲೆ, ಚೆಸ್ಕಾಂ ಕರೆಂಟ್ ಬಿಲ್ಲು ಯಾವುದೂ ನಮಗಾಗಿ ನಿಂತಿರಲ್ಲ.

ಇನ್ನೊಂದು ಸಂಗತಿ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಚಲನ್‌ನಲ್ಲಿ ತೆರಿಗೆಯ ಕೆಳಗೆ ಸೆಸ್ ಅಂತ ಸಾಲು ಸಾಲಾಗಿ ಇರುತ್ತದಲ್ಲ, ಅದು ತೆರಿಗೆಯ ಮೇಲೇ ಲೆಕ್ಕ ಹಾಕುವಂಥದ್ದು. ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ದರ ಇಳಿದರೆ ಇವೂ ಇಳಿಯುತ್ತವೆ. ಆ 40 ರೂಪಾಯಿಯ ಜೊತೆ ಗ್ರಂಥಾಲಯದ 2 ರೂಪಾಯಿ 40 ಪೈಸೆಯೂ ಹೋಯಿತು. 8,000 ಮನೆಗೆ 19,200 ರೂಪಾಯಿ. ಒಂದು ವಾಚನಾಲಯಕ್ಕೆ ವರ್ಷವಿಡೀ ಏಳೆಂಟು ದಿನಪತ್ರಿಕೆ ತರಿಸಬಹುದು ಅದರಲ್ಲಿ. ನಮ್ಮ ಊರಿನ ಗ್ರಂಥಾಲಯದಲ್ಲಿ ಬೆಳಗ್ಗೆ ಬಾಗಿಲು ತೆಗೆಯೋ ಮೊದಲೇ ಹುಡುಗರು ಬಂದು ನಿಂತಿರುತ್ತಾರೆ. ಪೊಲೀಸ್ ಪರೀಕ್ಷೆಗೆ, ಎಫ್‌ಡಿಎ ಪರೀಕ್ಷೆಗೆ ಓದುವವರು. ಮನೆಯಲ್ಲಿ ಪೇಪರ್ ಹಾಕಿಸಿಕೊಳ್ಳೋ ಶಕ್ತಿ ಇಲ್ಲದ ಮಕ್ಕಳು ಅವರು. ಈ ಲೆಕ್ಕ ಹಾಕಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಏಪ್ರಿಲ್ ರಿಯಾಯಿತಿ. ಏಪ್ರಿಲ್‌ನಲ್ಲಿ ಪೂರ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ಇದ್ದಷ್ಟೇ. ಜುಲೈಯಿಂದ ತಿಂಗಳಿಗೆ ಶೇ 2 ದಂಡ. ಈ ರಿಯಾಯಿತಿಯನ್ನು ನಾನು ಒಪ್ಪುತ್ತೇನೆ. ಬೇಸಿಗೆಯಲ್ಲಿ ನಮಗೆ ದುಡ್ಡು ಬೇಕು. ಆಗಲೇ ಬೋರ್‌ವೆಲ್ ಮೋಟರ್ ಸುಡೋದು, ಆಗಲೇ ಟ್ಯಾಂಕರ್ ಕಳಿಸಬೇಕಾಗೋದು. ಮುಂಚೆ ಕಟ್ಟಿದವರಿಗೆ ಏನೋ ಒಂದು ಕೊಟ್ಟು ಊರು ಬದಲಿಗೆ ಏನೋ ಪಡೆಯುತ್ತದೆ.

ಆದರೆ ಏಪ್ರಿಲ್‌ನಲ್ಲಿ ಕೌಂಟರ್ ಮುಂದೆ ಯಾರು ನಿಲ್ಲುತ್ತಾರೆ ಅಂತ ನೋಡಬೇಕು. ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಅಂಗಡಿ ಮಾಲೀಕರು. ಇಲ್ಲಿ ಸೈಟು ಇಟ್ಟುಕೊಂಡು ಬೆಂಗಳೂರಲ್ಲಿರುವವರು ಆನ್‌ಲೈನ್‌ನಲ್ಲೇ ಕಟ್ಟಿಬಿಡುತ್ತಾರೆ. ಊರಂಚಿನ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡ ಕಬ್ಬಿನವರು ಬರಲ್ಲ. ಭತ್ತದ ದುಡ್ಡು ಸಂಕ್ರಾಂತಿ ಆಚೀಚೆ ಬಂದು ಸಾಲಕ್ಕೆ ಹೋಗಿರುತ್ತದೆ. ನಮ್ಮ ಕಡೆ ಕಬ್ಬು ಅರೆಯೋದು ಶುರುವಾಗೋದೇ ಮಳೆಗಾಲ ಹಿಡಿದ ಮೇಲೆ. ಕಬ್ಬು ಕೊಟ್ಟ 14 ದಿನದಲ್ಲಿ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ. ಅದು ಎಷ್ಟು ತಡವಾಗುತ್ತದೆ ಅಂತ ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ.

ಒಬ್ಬ ಹಿರಿಯರು ಪ್ರತಿ ವರ್ಷ ಡಿಸೆಂಬರ್ ಹೊತ್ತಿಗೆ ಬರುತ್ತಾರೆ. "ಕಬ್ಬಿನ್ ದುಡ್ಡು ಈಗ್ ಬಂತು ಕಣವ್ವ, ಅದೆಷ್ಟಾಗದೆ ನೋಡಿ ತಕೊ" ಅನ್ನುತ್ತಾರೆ. ಎಣಿಸಿ ಕೊಡುತ್ತಾರೆ. ಒಂದು ರೂಪಾಯಿ ಬಿಡಿ ಅಂತ ಯಾವತ್ತೂ ಕೇಳಿದವರಲ್ಲ. 2,000 ತೆರಿಗೆಗೆ ಜುಲೈಯಿಂದ ಡಿಸೆಂಬರ್‌ವರೆಗೆ 240 ರೂಪಾಯಿ ದಂಡ. ಏಪ್ರಿಲ್‌ನಲ್ಲೇ ಕೈಯಲ್ಲಿ ದುಡ್ಡಿದ್ದವರಿಗೆ 100 ರೂಪಾಯಿ ಉಳಿತಾಯ. ಒಂದೇ ಬೀದಿ, ಒಂದೇ ಅಳತೆಯ ಮನೆ, 340 ರೂಪಾಯಿ ವ್ಯತ್ಯಾಸ. ಕಾನೂನು ಎಲ್ಲರಿಗೂ ಒಂದೇ, ನಾನು ರಸೀದಿ ಬರೆಯಲೇಬೇಕು. ಆದರೆ ತೆರಿಗೆ ಕಮ್ಮಿ ಮಾಡಿ ಜನರಿಗೆ ಸಹಾಯ ಮಾಡುತ್ತೇವೆ ಅನ್ನುವವರು ಈ ಹಿರಿಯರನ್ನು ನೆನೆಸಿಕೊಳ್ಳಬೇಕು. ಅವರಿಗೆ ಬೇಕಾಗಿರೋದು ದರದಲ್ಲಿ ಎರಡು ಪರ್ಸೆಂಟ್ ಅಲ್ಲ, ಬೆಳೆ ದುಡ್ಡು ಬರೋವರೆಗೆ ದಂಡವಿಲ್ಲದ ಗಡುವು. ಅದನ್ನು ಕೊಟ್ಟರೆ ಊರಿನ ಕೈಯಿಂದ ಹೋಗೋದೂ ಕಮ್ಮಿ, ಅವರಿಗೆ ಆಗೋ ಉಪಕಾರವೂ ಜಾಸ್ತಿ.

ಅದೇ ಶೇ 5, ಒಂದೂವರೆ ಲಕ್ಷ ತೆರಿಗೆ ಕಟ್ಟೋ ಕಲ್ಯಾಣ ಮಂಟಪಕ್ಕೆ 7,500 ರೂಪಾಯಿ. ಮದುವೆ ಸೀಸನ್‌ನಲ್ಲಿ ಅತಿ ಹೆಚ್ಚು ಎಂಜಲೆಲೆ, ಉಳಿದ ಅನ್ನ ನಾವು ಎತ್ತೋದು ಅಲ್ಲಿಂದಲೇ. ಪರ್ಸೆಂಟ್ ಲೆಕ್ಕದಲ್ಲಿ ಕೊಡೋ ಯಾವ ಕಡಿತವೂ ದೊಡ್ಡ ಆಸ್ತಿಗೆ ದೊಡ್ಡದಾಗೇ ಹೋಗುತ್ತದೆ.

"ಸರ್ಕಾರದ ಅನುದಾನ ಬರುತ್ತಲ್ಲ" ಅನ್ನೋದು ಇನ್ನೊಂದು ಮಾತು. ಬರುತ್ತದೆ, ಆದರೆ ಷರತ್ತು ಕಟ್ಟಿಕೊಂಡು ಬರುತ್ತದೆ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಹಣದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಉಳಿದದ್ದನ್ನೂ ಸಂಬಳಕ್ಕೆ ಬಳಸುವಂತಿರಲಿಲ್ಲ. ನಮ್ಮಲ್ಲಿ ಹೊರಗುತ್ತಿಗೆಯ ಕಸದ ಗಾಡಿ ಡ್ರೈವರ್‌ಗಳಿಗೆ, ಲೋಡರ್‌ಗಳಿಗೆ ಕೂಲಿ ಹೋಗೋದು ಪುರಸಭೆಯ ಸ್ವಂತ ನಿಧಿಯಿಂದ. ಆ ನಿಧಿ ಅಂದರೆ ನೀವು ಕಟ್ಟೋ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ. ರಾಜ್ಯ ಹಣಕಾಸು ಆಯೋಗದ ಅನುದಾನವೂ ರಾಜ್ಯದ ಸ್ವಂತ ಆದಾಯದಲ್ಲಿ ಒಂದು ಪಾಲು. ಜಿಎಸ್‌ಟಿ ಇಳಿದಾಗ ಅದರಲ್ಲಿ ರಾಜ್ಯದ ಅರ್ಧವೂ ಇಳಿಯುತ್ತದೆ. ನಷ್ಟ ತುಂಬಿಕೊಡುವ ಪರಿಹಾರದ ಅವಧಿ 2022ರ ಜೂನ್‌ಗೇ ಮುಗಿದಿದೆ. ಸೋಪಿನ ಮೇಲಿನ ಇಳಿಕೆ ಬಡವರಿಗೂ ಮುಟ್ಟುತ್ತದೆ, ಅದನ್ನು ನಾನು ಬೇಡ ಅನ್ನಲ್ಲ. ಆದರೆ ಮೇಲೆ ಒಂದು ಕಡೆ ಇಳಿದಾಗ ಕೆಳಗೆ ನಾವೂ ಇಳಿಸಿದರೆ ಗಾಡಿ ಓಡಿಸೋದು ಯಾವುದರಲ್ಲಿ?

ಜನ ತೆರಿಗೆ ಕಟ್ಟೋಕೆ ಸಣ್ಣ ರಿಯಾಯಿತಿಯೇ ಕಾರಣ ಅಂತಲೂ ನನಗೆ ಅನ್ನಿಸಲ್ಲ. 2025ರಲ್ಲಿ ಅನಧಿಕೃತ ಬಡಾವಣೆಯ ಆಸ್ತಿಗಳಿಗೂ ಖಾತೆ ಕೊಡುವ ಬಿ-ಖಾತಾ ಅಭಿಯಾನ ನಡೆದಾಗ ವರ್ಷಗಟ್ಟಲೆ ಬಾಕಿ ಇಟ್ಟವರೂ ದಾಖಲೆ ಹಿಡಿದು ಸಾಲಿನಲ್ಲಿ ನಿಂತರು. ಕಟ್ಟಿದ್ದಕ್ಕೆ ಕೈಗೆ ಒಂದು ಕಾಗದ ಸಿಗುತ್ತದೆ, ಸಾಲ ಸಿಗುತ್ತದೆ ಅನ್ನೋ ನಂಬಿಕೆ ಇತ್ತು.

ಈಗ ದರದ ಟಿಪ್ಪಣಿ ಬರೆಯುವಾಗ ನಾನು ಪರ್ಸೆಂಟ್ ಒಂದನ್ನೇ ಬರೆಯಲ್ಲ. ಒಂದು ಮನೆಗೆ ಎಷ್ಟು ರೂಪಾಯಿ, ಊರಿಗೆ ಎಷ್ಟು ರೂಪಾಯಿ, ಅದರಲ್ಲಿ ಯಾವ ಕೆಲಸ ನಿಲ್ಲುತ್ತದೆ, ಹತ್ತು ವರ್ಷಕ್ಕೆ ಎಷ್ಟಾಗುತ್ತದೆ ಅಂತ ಪಕ್ಕಪಕ್ಕ ಬರೆದು ಮುಖ್ಯಾಧಿಕಾರಿಗಳ ಸಹಿಗೆ ಇಡುತ್ತೇನೆ. ಕೌಂಟರ್‌ನಲ್ಲಿ ಕೇಳಿದವರಿಗೂ ಇದನ್ನೇ ಹೇಳುತ್ತೇನೆ.

ಕಳೆದ ಸಲ ಹೀಗೆ ಹೇಳಿದಾಗ ಹೂವಿನ ವ್ಯಾಪಾರದ ಒಬ್ಬ ಅಕ್ಕ ಪೂರ್ತಿ ಕೇಳಿಸಿಕೊಂಡರು. "ಸರಿ ಕಣವ್ವ, ಇಳಿಸಬ್ಯಾಡಿ. ಆದ್ರೆ ನಮ್ ಬೀದಿ ಮೋರಿ ಹೂಳು ತೆಗೆದು ಎಷ್ಟ್ ದಿನ ಆಯ್ತು ಅಂತ ಯಾರಾದ್ರೂ ಬಂದು ನೋಡವ್ರಾ?" ಅಂದರು. ಅವರ ಕೈಯಲ್ಲಿ ಆ ವರ್ಷದ ರಸೀದಿ ಇತ್ತು. ಅವರ ಎದುರಿಗೇ ದೂರು ಪುಸ್ತಕದಲ್ಲಿ ಬೀದಿ ಹೆಸರು ಬರೆದುಕೊಂಡೆ, ಹೆಲ್ತ್ ಇನ್‌ಸ್ಪೆಕ್ಟರ್‌ಗೆ ಫೋನ್ ಹಚ್ಚಿ ಅವರ ಕೈಗೇ ಕೊಟ್ಟೆ. ಆ ವಾರವೇ ಹೂಳು ತೆಗೆದರು. ಎತ್ತಿ ಹಾಕಿದ ಹೂಳನ್ನು ಸಾಗಿಸೋಕೆ ಟ್ರ್ಯಾಕ್ಟರ್ ಬಂದದ್ದು ಮಾತ್ರ ಇನ್ನೊಂದು ವಾರ ಬಿಟ್ಟು. ಅಕ್ಕ ಅದನ್ನೂ ಬಂದು ಕೇಳಿದರು, ಕೇಳಬೇಕಾದ್ದೇ.