ಗಿರಣಿ ಎಲ್ಲೈತಿ?

ನನಗೆ ಹುಬ್ಬಳ್ಳಿಯಿಂದ ಬಾಗಲಕೋಟೆಗೆ ವರ್ಗ ಆದಾಗ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವಳು ಅವ್ವ. ಅದು ಅವಳ ತವರು. ಆದರೆ ತವರುಮನೆ ಈಗ ಇಲ್ಲ, ಆಲಮಟ್ಟಿ ಹಿನ್ನೀರಿಗೆ ಹೋಯಿತು. ಘಟಪ್ರಭೆ ದಂಡೆಯ ಎಷ್ಟೋ ಓಣಿಗಳದ್ದು ಇದೇ ಕಥೆ. ಹಾಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ್ದೇ ನವನಗರ.

ನನ್ನ ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು, ನವನಗರವೇ ಸರಿ ಅಂತ. ಅಗಲ ರಸ್ತೆ, ಜಿಲ್ಲಾ ಕಚೇರಿಗಳು, ಆಸ್ಪತ್ರೆ ಎಲ್ಲ ಅಲ್ಲೇ. ಮಗನ ಕಾಲೇಜು ವಿದ್ಯಾಗಿರಿಯಲ್ಲಿ, ಅದೂ ದೂರವಲ್ಲ. ವಿದ್ಯಾಗಿರಿಯಲ್ಲೂ ಎರಡು ಮನೆ ನೋಡಿದೆವು, ಬಾಡಿಗೆ ನಮ್ಮ ಕೈಗೆ ನಿಲುಕಲಿಲ್ಲ.

ಅವ್ವನಿಗೆ ಹಳೇ ಊರೇ ಬೇಕಿತ್ತು. ಹೋಳಿ ಬಂದರೆ ಹಲಗೆ ಸದ್ದು ಕಿವಿಗೆ ಬೀಳಬೇಕಂತೆ. ಒಂದು ಭಾನುವಾರ ಹೋದೆವು. ಮನೆಯೇನೋ ತಂಪಾಗಿತ್ತು, ದಪ್ಪ ಗೋಡೆ. ಬಣ್ಣ ಮಾತ್ರ ಉದುರಿತ್ತು. ಮಾಲೀಕರಾದ ಕಾಕಾ ನಕ್ಕರು. "ಆಲಮಟ್ಟಿ ನೀರು 519.6 ಮೀಟರ್‌ನಿಂದ 524.256ಕ್ಕ ಏರಸ್ತೀವಿ ಅಂತಾರ. ನಮ್ಮನಿ ಉಳೀತೈತೋ ಇಲ್ಲೋ, ಸುಣ್ಣ ಯಾಕ ಹಚ್ಚಲಿ?" ಹೊರಗೆ ಬಂದ ಮೇಲೆ ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಎರಡನೇ ಸಲ ಮನೆ ಬಿಡುವ ವಯಸ್ಸು ಅವಳದಲ್ಲ.

ಹಾಗಾಗಿ ನವನಗರ. ಬ್ರೋಕರ್ ತೋರಿಸಿದ ಮೊದಲ ಮನೆ ನನಗೆ ಹಿಡಿಸಿತ್ತು. ಬೋರ್‌ವೆಲ್ ಇದೆ, ಕಾರ್ ನಿಲ್ಲಿಸಬಹುದು, ಮುಂದೆ ಬೇವಿನ ಮರ. ಅವ್ವ ಮಾತ್ರ ಆಟೋದಿಂದ ಇಳಿಯಲೇ ಇಲ್ಲ.

"ತಮ್ಮಾ, ಇಲ್ಲಿ ಗಿರಣಿ ಎಲ್ಲೈತಿ?"

"ಗಿರಣಿ ಯಾಕ್ರೀ ಯಮ್ಮಾ, ಅಂಗಡ್ಯಾಗ ಪಾಕೀಟ್ ಹಿಟ್ಟು ಸಿಗತೈತಿ."

ಆ ಮನೆ ಅಲ್ಲಿಗೇ ಮುಗಿಯಿತು. ಹಳೇ ಹಿಟ್ಟಿಗೆ ಜಿಗಿ ಇರಲ್ಲ, ರೊಟ್ಟಿ ಬಡಿಯುವಾಗ ಹರಿಯುತ್ತದೆ ಅನ್ನೋದು ನಿಜ. ಆದರೆ ಇಷ್ಟಕ್ಕೆಲ್ಲ ಮನೆ ಬಿಡೋದಾ ಅಂತ ನಾನು ರೇಗಿದೆ. ಅವ್ವ ಅಂದಳು, "ಗಿರಣಿ ಇದ್ದಲ್ಲೆ ಮಂದಿ ಬರ್ತಾರ." ಅವಳ ಓಣಿಯವರು ನವನಗರಕ್ಕೆ ಬಂದಾಗ ಒಬ್ಬೊಬ್ಬರು ಒಂದೊಂದು ಸೆಕ್ಟರ್ ಪಾಲಾಗಿದ್ದರು. ಮದುವೆಯಲ್ಲಿ ಸಿಕ್ಕರೆ ಸಿಕ್ಕರು. ಮೊದಲು ಓಣಿಯ ಹೆಸರು ಹೇಳುತ್ತಿದ್ದವರು ಈಗ ಸೆಕ್ಟರ್ ನಂಬರ್ ಹೇಳುತ್ತಾರೆ.

ಮುಂದಿನ ವಾರ ಮನೆ ಬಿಟ್ಟು ಗಿರಣಿ ಹುಡುಕಿದೆವು. ಸಿಕ್ಕಿತು. ಹಿಟ್ಟು ಮೆತ್ತಿದ ರೆಪ್ಪೆಯ ಗಿರಣಿಯವರೇ ಹಿಂದಿನ ಗಲ್ಲಿಯ ಮನೆಯೊಂದನ್ನು ತೋರಿಸಿದರು. ಬ್ರೋಕರ್ ದುಡ್ಡೂ ಉಳಿಯಿತು. ಬೆಳಗ್ಗೆ ಹೋಗಿ ನೋಡಿ ಮುಂಗಡ ಕೊಟ್ಟುಬಿಟ್ಟೆ. ಏಪ್ರಿಲ್ ಮಧ್ಯಾಹ್ನ ನೋಡಬೇಕಿತ್ತು! ಪಡುವಣ ಗೋಡೆ ರಾತ್ರಿ ಹತ್ತಾದರೂ ಹಂಚಿನಂತೆ ಕಾದಿರುತ್ತದೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೆ.

ಮೊದಲ ಶನಿವಾರ ಅವ್ವ ಜೋಳದ ಡಬ್ಬಿ ಹಿಡಿದು ಒಂಬತ್ತಕ್ಕೆ ಹೋದಳು. ಬಂದಾಗ ಹನ್ನೊಂದೂವರೆ. ಡಬ್ಬಿ ಇನ್ನೂ ಬೆಚ್ಚಗಿತ್ತು.

"ನಮ್ಮ ಓಣ್ಯಾಕಿ ಒಬ್ಬಾಕಿ ಸಿಕ್ಕಿದ್ಲು. ರವಿವಾರ ಊಟಕ್ಕ ಬಾ ಅಂತ ಹೇಳೇನಿ. ಇನ್ನಿಬ್ಬರನ್ನ ಕರಕೊಂಡ ಬರ್ತಾಳಂತ."

ಹೆಂಡತಿ ಅಡುಗೆಮನೆಯ ಕಡೆ ನೋಡಿದಳು. ನಾನು ಸುಮ್ನೆ ಚೀಲ ತಗೊಂಡು ಬದನೆಕಾಯಿ ತರಲು ಹೊರಟೆ.