ಲೆಕ್ಕ ಹಾಕಿದ್ದು ಕಂಪ್ಯೂಟರ್, ಹಾಗಾದ್ರೆ ನಿಂದೇನು?

ಮೃದಂಗದ ಮುಕ್ತಾಯ, ಅಂದರೆ ನುಡಿಸುವುದನ್ನು ಮುಗಿಸುವ ಕಟ್ಟು, ಹುಡುಕೋಕೆ ಪೈಥಾನ್‌ನಲ್ಲಿ ಪುಟ್ಟ ಪ್ರೋಗ್ರಾಂ ಬರೆದಿದ್ದೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ.

ಮೊದಲು ಆ ಲೆಕ್ಕ ನೋಡಿ. ಒಂದು ಸೊಲ್ಲುಕಟ್ಟನ್ನು, ಅಂದರೆ ‘ತಕಿಟ’ದಂಥ ಸೊಲ್ಲುಗಳ ಗುಂಪನ್ನು, ಮೂರು ಸಲ ನುಡಿಸಬೇಕು. ನಡುವೆ ಎರಡು ಕಾರ್ವೆ, ಅಂದರೆ ಬಿಡುವು. ಎರಡೂ ಒಂದೇ ಅಳತೆ. ಮುಗಿದ ಕೂಡಲೇ ಸಮ, ಅಂದರೆ ತಾಳದ ಸುತ್ತಿನ ಮೊದಲ ಏಟು, ಸಿಗಬೇಕು. ನಾನು ಹಾಕಿದ ನಿಯಮ ಇಷ್ಟೇ. ಆದಿತಾಳದ ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, 8 ಅಕ್ಷರ (ತಾಳದ ಎಣಿಕೆ), ಒಂದೊಂದಕ್ಕೆ 4 ಮಾತ್ರೆ, ಒಟ್ಟು 32. ಒಂದು ಆವರ್ತ ಪೂರ್ತಿ ತುಂಬಬೇಕು ಅಂದರೆ ಐದೇ ಉತ್ತರ. ಸೊಲ್ಲು 10 ಮಾತ್ರೆ ಇದ್ದರೆ ಕಾರ್ವೆ 1, 8ಕ್ಕೆ 4, 6ಕ್ಕೆ 7, 4ಕ್ಕೆ 10, 2ಕ್ಕೆ 13.

ನನ್ನ ಕೈಗೆ ರೂಢಿ ಇದ್ದದ್ದು 8ಕ್ಕೆ 4. ‘ತಕಿಟ ತದಿಗಿಣತೊಂ’ ಅಂದು ಒಂದು ಅಕ್ಷರ ಬಿಡುವುದು. ಮೂರು ಸಲವೂ ಶುರುವಾಗುವುದು ಸರಿಯಾಗಿ ಅಕ್ಷರದ ಮೇಲೇ. ಚೆನ್ನಾಗಿರುತ್ತದೆ, ಆದರೆ ಮುಂದೇನು ಅಂತ ಮೊದಲೇ ಗೊತ್ತಾಗಿಬಿಡುತ್ತದೆ.

6ಕ್ಕೆ 7 ನೋಡಿದಾಗ ಎಲ್ಲೋ ತಪ್ಪಾಗಿದೆ ಅನ್ನಿಸಿತು. ಸೊಲ್ಲಿಗಿಂತ ಬಿಡುವೇ ಜಾಸ್ತಿ, ಅಲ್ವಾ? ಸುಮ್ನೆ ತಾಳ ಹಾಕಿಕೊಂಡು ಹೇಳಿ ನೋಡಿದೆ. ‘ತದಿ, ಗಿಣತೊಂ’. ನಡುವಿನ ಅಲ್ಪವಿರಾಮವೂ ಒಂದು ಮಾತ್ರೆ. ಆಮೇಲೆ ಏಳು ಮಾತ್ರೆ ಖಾಲಿ. ಎರಡನೇ ಸಲ ಸೊಲ್ಲು ಅಕ್ಷರ ದಾಟಿ ಒಂದು ಮಾತ್ರೆ ತಡವಾಗಿ ಶುರುವಾಯಿತು. ಮೂರನೇ ಸಲ ಎರಡು ಮಾತ್ರೆ ತಡ. ತಾಳ ಒಂದು ಕಡೆ, ಸೊಲ್ಲು ಒಂದು ಕಡೆ ಎಳೆಯುತ್ತಿತ್ತು. ಕೊನೆಗೆ ಸಮಕ್ಕೆ ಬಂದು ಕೂತಾಗ ಮೈ ಜುಂ ಅಂದಿತು. ನಾನಾಗೇ ಈ ದಾರಿ ಹಿಡಿಯುತ್ತಿರಲಿಲ್ಲ. ಕೈ ಯಾವಾಗಲೂ ಗೊತ್ತಿರುವ ಕಡೆಗೇ ಓಡುತ್ತದೆ.

2ಕ್ಕೆ 13 ಮಾತ್ರ ಬಿಟ್ಟುಬಿಟ್ಟೆ. ಲೆಕ್ಕ ಸರಿಯಿದೆ. ಆದರೆ ಅಷ್ಟು ಹೊತ್ತು ಸುಮ್ಮನಿದ್ದರೆ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದೇವೆ ಅಂತ ಕೇಳುವವರಿಗೆ ಅನ್ನಿಸುವುದೇ ಇಲ್ಲ. ಇದು ಬೇಕು, ಇದು ಬೇಡ ಅಂತ ಹೇಳಿದ್ದು ಪ್ರೋಗ್ರಾಂ ಅಲ್ಲ, ನನ್ನ ಕಿವಿ. ನನ್ನದೇನು ಅಂತ ಕೇಳಿದರೆ ಅದೇ.

ಇದೇನು ಹೊಸ ಕಾಲದ ಹುಚ್ಚೂ ಅಲ್ಲ. 17ನೇ ಶತಮಾನದಲ್ಲೇ ಸಂಗೀತ ಶಾಸ್ತ್ರಜ್ಞ ವೆಂಕಟಮಖಿ ಸ್ವರಗಳನ್ನು ಲೆಕ್ಕದ ಪ್ರಕಾರ ಜೋಡಿಸಿ 72 ಮೇಳ, ಅಂದರೆ ರಾಗಗಳಿಗೆ ಮೂಲವಾದ ಸ್ವರಗುಂಪು, ತೋರಿಸಿಕೊಟ್ಟರು. ಆಗ ಬಳಕೆಯಲ್ಲಿದ್ದದ್ದು ಅವುಗಳಲ್ಲಿ ಕೆಲವೇ. ಉಳಿದ ಎಷ್ಟೋ ಮೇಳಗಳಿಗೆ ಜೀವ ಬಂದದ್ದು ಆಮೇಲೆ, ತ್ಯಾಗರಾಜರಂಥವರು ಕೃತಿ ರಚಿಸಿದಾಗ. ಲೆಕ್ಕ ಅಷ್ಟು ವರ್ಷ ಹಾಡುವವರಿಗಾಗಿ ಕಾದಿತ್ತು.

ಈಗ ಮಿಶ್ರಛಾಪು ತಾಳ ಹಿಡಿದಿದ್ದೇನೆ. ಎರಡು ಆವರ್ತಕ್ಕೆ 28 ಮಾತ್ರೆ. 6ಕ್ಕೆ 5 ಬರುತ್ತದೆ. ನಿನ್ನೆ ರಾತ್ರಿಯಿಂದ ತೊಡೆ ಮೇಲೆ ಅದನ್ನೇ ತಟ್ಟುತ್ತಿದ್ದೇನೆ.