ರೀಬೋರ್ ಮಾಡಿಸಿದರೆ ಸಿಸಿ ಎಷ್ಟು ಏರುತ್ತದೆ?

ರೀಬೋರ್ ಅಂದರೆ ಸಿಲಿಂಡರ್ ಬ್ಲಾಕನ್ನು ಒಳಗಿನಿಂದ ಕೊರೆದು ಅಗಲಿಸಿ ದೊಡ್ಡ ಪಿಸ್ಟನ್ ಕೂರಿಸುವುದು. ಸಿಸಿ ಅಂದರೆ ಪಿಸ್ಟನ್ ತಳದಿಂದ ತುದಿಗೆ ಚಲಿಸುವಾಗ ಆವರಿಸುವ ಜಾಗ, ಘನ ಸೆಂ.ಮೀ. ಲೆಕ್ಕದಲ್ಲಿ. ಟೂ ಸ್ಟ್ರೋಕ್ ಬೈಕ್ ಯಮಹಾ ಆರ್‌ಎಕ್ಸ್ 100ರ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಕೂಡ 50. ಬೋರ್ × ಬೋರ್ × ಸ್ಟ್ರೋಕ್ × 0.7854 ಮಾಡಿ 1000ದಿಂದ ಭಾಗಿಸಿ: 98.17 ಸಿಸಿ. 0.7854 ಅಂದರೆ ಪೈನ ಕಾಲು ಭಾಗ. ಆದ್ದರಿಂದ ಇಲ್ಲಿ ಪೂರ್ತಿ ವ್ಯಾಸವನ್ನೇ ಹಾಕಬೇಕು, ಅರ್ಧ ಮಾಡಬಾರದು.

0.50 ಓವರ್‌ಸೈಜ್ ಪಿಸ್ಟನ್ ಹಾಕಿಸಿದರೆ ಬೋರ್ 50.5, ಲೆಕ್ಕ 100.15 ಸಿಸಿ. 1.00 ಓವರ್‌ಸೈಜ್‌ಗೆ 102.14. ಇಷ್ಟೇ. ರೀಬೋರ್ ಇರುವುದು ಸವೆದ ಬ್ಲಾಕ್ ಸರಿಪಡಿಸಲಿಕ್ಕೆ. ಪವರ್‌ಗೆಂದು ಒಳ್ಳೆಯ ಬ್ಲಾಕನ್ನು ಕೊರೆಸಿದರೆ ಮುಂದಿನ ರಿಪೇರಿಗೆ ಇರಬೇಕಾದ ಲೋಹ ಸುಮ್ಮನೆ ಹೋಗುತ್ತದೆ. ಆರ್‌ಎಕ್ಸ್ 135ರಲ್ಲೂ ಸ್ಟ್ರೋಕ್ 50ರದ್ದೇ, ಬೋರ್ ಮಾತ್ರ 58. ಅದಕ್ಕೇ 132 ಸಿಸಿ.

ಸ್ಟ್ರೋಕ್ ಏರಿಸುವವರು ಒಂದು ಕಡೆ ಎಡವುತ್ತಾರೆ. ಕ್ರ್ಯಾಂಕ್ ಪಿನ್ (ಕನೆಕ್ಟಿಂಗ್ ರಾಡ್‌ನ ಬುಡ ಕೂರುವ ಪಿನ್) 1 ಮಿ.ಮೀ. ಹೊರಗೆ ಸರಿದರೆ ಸ್ಟ್ರೋಕ್ 2 ಮಿ.ಮೀ. ಹೆಚ್ಚುತ್ತದೆ: ಪಿಸ್ಟನ್ ಮೇಲೆ 1, ಕೆಳಗೆ 1. ಸಿಸಿ 102.1 ಆಗುತ್ತದೆ, ಆದರೆ ಪಿಸ್ಟನ್ ಹೋಗಿ ಹೆಡ್‌ಗೆ (ಸಿಲಿಂಡರಿನ ಮೇಲ್ಮುಚ್ಚಳಕ್ಕೆ) ಬಡಿಯುವ ಅಪಾಯವಿದೆ. ಅದನ್ನು ತಪ್ಪಿಸಲು ಬ್ಲಾಕ್ ಅಡಿಗೆ ಪ್ಯಾಕಿಂಗ್ ಕೊಟ್ಟು ಎತ್ತಿದರೆ ಟೂ ಸ್ಟ್ರೋಕ್‌ನಲ್ಲಿ ಪೋರ್ಟ್‌ಗಳೂ (ಸಿಲಿಂಡರ್ ಗೋಡೆಯ ಕಿಂಡಿಗಳೂ) ಮೇಲೇರಿ ಅವು ತೆರೆದು ಮುಚ್ಚುವ ಟೈಮಿಂಗ್ ಬದಲಾಗುತ್ತದೆ.

ಹಳೇ ಬ್ಲಾಕ್‌ಗೆ ಕಂಪನಿ ಅಂಕಿ ನಂಬಬೇಡಿ, ಅಳೆಯಿರಿ. ಬೋರ್ ಗೇಜ್‌ನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಮಟ್ಟದಲ್ಲೂ ಪಿಸ್ಟನ್ ಪಿನ್‌ನ ದಿಕ್ಕಿನಲ್ಲಿ ಒಮ್ಮೆ, ಅದಕ್ಕೆ ಅಡ್ಡವಾಗಿ ಒಮ್ಮೆ. ಸ್ಟ್ರೋಕ್‌ಗೆ ಹೆಡ್ ಬಿಚ್ಚಿ, ಪಿಸ್ಟನ್ ತುತ್ತತುದಿಯಲ್ಲಿ ಮತ್ತು ತಳದಲ್ಲಿ ಇದ್ದಾಗ ವರ್ನಿಯರ್‌ನ ಡೆಪ್ತ್ ಕಡ್ಡಿಯಿಂದ ಅದರ ನಡುಮಧ್ಯವನ್ನೇ ಮುಟ್ಟಿ ಅಳೆಯಿರಿ. ಎರಡರ ವ್ಯತ್ಯಾಸವೇ ಸ್ಟ್ರೋಕ್. ಅಂಚು ಮುಟ್ಟಿದರೆ ಪಿಸ್ಟನ್ ವಾಲಿ ಅಳತೆ ಕೆಡುತ್ತದೆ.

ಲೇತ್‌ನವರಿಗೆ ಬ್ಲಾಕ್ ಕೊಡುವಾಗ ಹೊಸ ಪಿಸ್ಟನ್ ಜೊತೆಗೇ ಕೊಡಿ. ಆ ಪಿಸ್ಟನ್‌ನ ಸ್ಕರ್ಟ್ (ಕೆಳಭಾಗದ ಗೋಡೆ) ಅಳೆದು, ಅದರ ತಯಾರಕರು ಹೇಳಿದ ಕ್ಲಿಯರೆನ್ಸ್ (ಪಿಸ್ಟನ್-ಸಿಲಿಂಡರ್ ನಡುವಿನ ಸಂದು) ಸೇರಿಸಿಯೇ ಕೊರೆಯಬೇಕು. ಬಿಗಿಯಾದರೆ ಬಿಸಿಗೆ ಪಿಸ್ಟನ್ ಸಿಕ್ಕಿಕೊಂಡು ಸೀಜ್, ಸಡಿಲವಾದರೆ ಟಕಟಕ ಸದ್ದು.

ಬೋರ್ ದೊಡ್ಡದು ಮಾಡಿ ಹೆಡ್ ಹಳೆಯದನ್ನೇ ಬಿಟ್ಟರೆ ಕಂಪ್ರೆಷನ್ ಅನುಪಾತ ಏರುತ್ತದೆ: ಸಿಸಿಗೆ ಪಿಸ್ಟನ್ ಮೇಲಿನ ಜಾಗ ಕೂಡಿಸಿ, ಅದೇ ಜಾಗದಿಂದ ಭಾಗಿಸಿದರೆ ಬರುವ ಅಂಕಿ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 12 ಸಿಸಿ ಅಂದುಕೊಳ್ಳಿ: 98.17ಕ್ಕೆ ಅನುಪಾತ 9.18, ಅಷ್ಟೇ ಜಾಗಕ್ಕೆ 132.1 ಸಿಸಿ ಬಂದರೆ ಅನುಪಾತ ಸುಮಾರು 12. ಎಂಜಿನ್ ನಾಕ್ ಹೊಡೆದು (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು) ಪಿಸ್ಟನ್ ತಲೆಗೇ ತೂತು ಬೀಳಬಹುದು. ಈ ಜಾಗ ಅಳೆಯಲು ಸ್ಪಾರ್ಕ್ ಪ್ಲಗ್ ಹಾಕಿದ ಹೆಡ್ಡನ್ನು ಅದರ ಗುಳಿ ಮೇಲಾಗುವಂತೆ ಇಟ್ಟು, ಅಂಚಿಗೆ ಗ್ರೀಸ್ ಸವರಿ, ತೂತು ಕೊರೆದ ಅಕ್ರಿಲಿಕ್ ಹಾಳೆ ಕೂರಿಸಿ, ಸಿರಿಂಜ್‌ನಿಂದ ಸೀಮೆಎಣ್ಣೆ ತುಂಬಿಸಿ. ಹಿಡಿಸಿದ ಎಂ.ಎಲ್. ಎಷ್ಟೋ ಅಷ್ಟೇ ಸಿಸಿ. ಅದಕ್ಕೆ ಗ್ಯಾಸ್ಕೆಟ್ ದಪ್ಪದ ಜಾಗ ಸೇರಿಸಿ (50 ಬೋರ್‌ಗೆ 1 ಮಿ.ಮೀ. ದಪ್ಪ 1.96 ಸಿಸಿ), ಪಿಸ್ಟನ್ ತಲೆ ಉಬ್ಬಿದ್ದರೆ ಆ ಉಬ್ಬನ್ನು ಕಳೆಯಿರಿ. ಟೂ ಸ್ಟ್ರೋಕ್ ಮ್ಯಾನ್ಯುಯಲ್‌ಗಳಲ್ಲಿ ಕಾಣುವ ಆರು-ಏಳರ ಅನುಪಾತಕ್ಕೆ ಇದನ್ನು ಹೋಲಿಸಬೇಡಿ. ಜಪಾನಿ ಕಂಪನಿಗಳು ಎಕ್ಸಾಸ್ಟ್ ಪೋರ್ಟ್ ಮುಚ್ಚಿದ ಮೇಲಿನ ಸ್ಟ್ರೋಕನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತವೆ.

ರಸ್ತೆಗಿಳಿಯುವ ಗಾಡಿಯಾದರೆ ಆರ್‌ಸಿಯಲ್ಲಿ ಸಿಸಿ ನಮೂದಾಗಿರುತ್ತದೆ. 135ರ ಬ್ಲಾಕ್ ಕೂರಿಸುವ ಮೊದಲು ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ.